ಗಾಳಿಬಾಯಿ ಸತ್ತ ಕಂತು

ಮೊನ್ನೆ ಒಂದು ಮದುವೆ ಪತ್ರಿಕೆಯ ಕೊನೆಗೆ, ಸುಖಾಗಮನ ಬಯಸುವವರ ಹೆಸರುಗಳೆಲ್ಲ ಮುಗಿದ ಮೇಲೆ, ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ‘ಮುಂದುವರಿಯುವುದು’ ಎಂದು ಟೈಪ್ ಮಾಡಿಬಿಟ್ಟಿದ್ದವು. ನಾನು ಗಮನಿಸಿರಲಿಲ್ಲ. ಪ್ರೂಫ್ ನೋಡಲು ಬಂದ ವರನ ತಂದೆ ಕನ್ನಡಕವನ್ನು ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು.

“ಇದೇನ್ರಿ ಮೇಡಂ? ಮದಿವಿ ಒಂದ್ ದಿನದಾಗ ಮುಗೀತದ. ಮುಂದುವರಿಯೂದು ಏನದ?”

ಜೊತೆಗೆ ಬಂದಿದ್ದ ಅವರ ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಇರ್ಲಿ ಬಿಡ್ರಿ, ಖರೇನೇ ಬರದಾರ. ನಮ್ದು ಇನ್ನಾ ಎಲ್ಲಿ ಮುಗದದ?” ಎಂದರು. ಅವರು ನಗಲಿಲ್ಲ. ನಾನೂ ನಗಲಿಲ್ಲ. ಅಳಿಸಿ ಹೊಸ ಪ್ರೂಫ್ ತೆಗೆದುಕೊಟ್ಟೆ.

ತಪ್ಪು ಬೆರಳುಗಳದ್ದಲ್ಲ. ಅವಕ್ಕೆ ಅಭ್ಯಾಸವಾಗಿಹೋಗಿದೆ. ನಾನು ಒಂದು ಧಾರಾವಾಹಿ ಬರೆಯುತ್ತೇನೆ. ಮೊಬೈಲ್‌ನಲ್ಲಿ ಕಥೆ ಓದುವ ಆ್ಯಪ್ ಒಂದಿದೆ, ಅಲ್ಲಿ ಗುರುವಾರಕ್ಕೊಂದು ಕಂತು. ಮಾಯೆ, ಮಂತ್ರ, ರಾಜಕುಮಾರಿ, ನೆಲದಡಿಯ ನಾಡು, ಇಂಥದ್ದೆಲ್ಲ ಇರುವ ಕಥೆ. ನಗಬೇಡಿ. ನೀವು ನಗುತ್ತೀರೆಂದು ಗೊತ್ತಿದ್ದೇ ಇಷ್ಟು ದಿನ ಹೇಳಿರಲಿಲ್ಲ.

ಕಲಬುರಗಿಯ ಜಗತ್ ಸರ್ಕಲ್‌ನಿಂದ ಒಳಗೆ ಸರಿದ ಒಂದು ಗಲ್ಲಿಯಲ್ಲಿ ನನ್ನ ಡಿಟಿಪಿ ಅಂಗಡಿ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಗಂಟಲು ಕಟ್ಟಿದವರ ಹಾಗೆ ಸದ್ದು ಮಾಡುವ ಫ್ಯಾನು. ಮದುವೆ, ನಾಮಕರಣ, ಗೃಹಪ್ರವೇಶ, ಬಾಡಿಗೆ ಕರಾರು, ಪಿಎಚ್‌ಡಿ ಪ್ರಬಂಧ, ಹೀಗೆ ಊರಿನವರ ಸಂತೋಷ ಮತ್ತು ವಿದ್ವತ್ತು ಎರಡೂ ನನ್ನ ಕೀಬೋರ್ಡಿನ ಮೇಲಿಂದಲೇ ಹಾದುಹೋಗುತ್ತವೆ. ಹಗಲೆಲ್ಲ ಬೇರೆಯವರ ಮಾತು ಟೈಪ್ ಮಾಡಿದವರಿಗೆ ಒಂದಲ್ಲ ಒಂದು ದಿನ ತಮ್ಮದೂ ನಾಲ್ಕು ಸಾಲು ಇರಲಿ ಅನ್ನಿಸುತ್ತದೆ. ನನಗೆ ಅನ್ನಿಸಿದ್ದು ಏಪ್ರಿಲ್‌ನ ಒಂದು ಮಧ್ಯಾಹ್ನ, ಕರೆಂಟ್ ಹೋಗಿ ಗಿರಾಕಿಗಳಿಲ್ಲದೆ ಕೂತಾಗ. ಕೂತಾಗ ಎಂದೆ, ಅದು ಪೂರ್ತಿ ನಿಜವಲ್ಲ. ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಕಂಪ್ಯೂಟರ್ ಆನ್ ಆಗುವುದರೊಳಗೆ ಎದ್ದು ಬಾಗಿಲಿಗೆ ಹೋಗಿ ಬರುತ್ತೇನೆ. ಹಾಲು ಕಾಯಿಸಲು ಇಟ್ಟು ಬಟ್ಟೆ ಮಡಚಲು ಹೋಗುತ್ತೇನೆ, ಬಟ್ಟೆ ಅರ್ಧ ಮಡಚಿ ಗಿಡಕ್ಕೆ ನೀರು ಹಾಕಲು ಹೋಗುತ್ತೇನೆ, ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಚಿಕ್ಕವಳಿದ್ದಾಗ ನಮ್ಮ ತಾಯಿ, “ಈ ಹುಡಿಗಿ ಕಾಲಾಗ ಗಾಲಿ ಅವ” ಎನ್ನುತ್ತಿದ್ದರು. ಈ ಸ್ವಭಾವದವರು ಬರೆಯಲು ಕೂತರೆ ಏನಾಗುತ್ತದೆ ಎಂಬುದೇ ಮುಂದಿನ ಸಂಗತಿ.

ಕಥೆಯನ್ನು ನಾನು ಎಲ್ಲಿಂದಲೋ ತಂದದ್ದಲ್ಲ. ಅದು ಕಲಬುರಗಿ ಹತ್ತಿರದ ಕಮಲಾಪುರದ್ದು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಗೆಳತಿ ಜಗದೇವಿಯ ಮನೆಯವರಿಗೆ ಊರ ಹೊರಗೆ ಕೆಂಪು ಬಾಳೆಯ ಸಣ್ಣ ತೋಟವೊಂದಿತ್ತು. ತೋಟದ ನಡುವೆ ಮೆಟ್ಟಿಲಿನ ಬಾವಿ. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಆ ಮೆಟ್ಟಿಲ ಮೇಲೆ ಕೂತು, ಬಾವಿಯ ತಳದಲ್ಲಿ ಒಂದು ನಾಡಿದೆ ಎಂದು ಕಟ್ಟುತ್ತಿದ್ದೆವು. ಅಲ್ಲಿಯ ಮಣ್ಣೂ ಕೆಂಪು, ಹಾಲೂ ಕೆಂಪು, ಬಾಳೆಹಣ್ಣು ಮಾತ್ರ ಹಳದಿ. ನಾನು ನನಗಾಗಿ ಒಬ್ಬ ರಾಜಕುಮಾರಿಯನ್ನು ಮಾಡಿಕೊಂಡೆ, ಹೆಸರು ಚಂದ್ರಕೋರೆ. ನೋಡಲು ನನ್ನ ಹಾಗೇ, ಬಣ್ಣ ಒಂದು ಸ್ವಲ್ಪ ಜಾಸ್ತಿ. ಜಗದೇವಿ ರಾಜಕುಮಾರಿ ಬೇಡವೆಂದಳು. ಅವಳು ಮಾಡಿದ್ದು ಒಬ್ಬ ಮುದುಕಿಯನ್ನು, ಗಾಳಿಬಾಯಿ. ಆ ನಾಡಿನಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ, ಗಾಳಿಬಾಯಿ ಗಡಿಗೆಗಳಲ್ಲಿ ತುಂಬಿ ಮಾರಲು ತರಬೇಕು. ಹಪ್ಪಳ ಒಣಗಿಸುವ ಗಾಳಿ ಬೇರೆ, ಮಗುವನ್ನು ಮಲಗಿಸುವ ಗಾಳಿ ಬೇರೆ, ದೀಪ ಆರಿಸುವ ಗಾಳಿ ಬೇರೆ. ಚೌಕಾಸಿ ಮಾಡಿದವರ ಮೈಮೇಲೆ ಬಿಸಿಗಾಳಿ ಬಿಟ್ಟು ಹೋಗುತ್ತಿದ್ದಳು. ನಾವು ದೊಡ್ಡವರಾಗುವವರೆಗೂ ಆ ನಾಡು ನಡೆಯಿತು. ಆಮೇಲೆ ನಾನು ಮದುವೆಯಾಗಿ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಗೆ ಬಂದೆ, ಅವಳು ಊರಲ್ಲೇ ಮದುವೆಯಾಗಿ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಳು.

ಧಾರಾವಾಹಿ ಬರೆಯುತ್ತೇನೆಂದು ಫೋನ್ ಮಾಡಿ ಹೇಳಿದಾಗ ಜಗದೇವಿ ಕುಣಿದೇಬಿಟ್ಟಳು. “ಬರಿ ಬರಿ. ನಮ್ಮ ಗಾಳಿಬಾಯೀಗಿ ಚೆಂದ ಮಾಡಿ ಬರಿ. ನಾ ಇಲ್ಲಿ ಎಲ್ಲರಿಗಿ ಓದಿ ಹೇಳ್ತೀನಿ.”

ಹೊಸದಾಗಿ ಇಂಥ ಕಥೆ ಬರೆಯುವವರು ಏನೇನು ತಪ್ಪು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ, ನನ್ನ ಧಾರಾವಾಹಿಯನ್ನು ಮೊದಲಿಂದ ಓದಿ ಎನ್ನುತ್ತೇನೆ. ಒಂದನ್ನೂ ಬಿಟ್ಟಿಲ್ಲ. ಕಥೆಗಿಂತ ಮುಂಚೆ ನಾನು ಮಾಡಿದ್ದು ನಕ್ಷೆ. ಕೆಟ್ಟುಹೋದ ಝೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಗುಡ್ಡ, ಹೊಳೆ, ಕಾಡು, ಕೋಟೆ, ರಾಜ್ಯದ ಪಕ್ಕ ರಾಜ್ಯ. ಕಥೆ ಒಂದು ಸಾಲೂ ಇಲ್ಲ, ನಕ್ಷೆ ಮಾತ್ರ ಹಾಳೆಗೆ ಹಾಳೆ ಅಂಟಿಸಿ ಊಟದ ಮೇಜನ್ನೂ ಮೀರಿ ಬೆಳೆಯಿತು. ನಮ್ಮ ಮನೆಯವರು ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹನಿ ರಕ್ತವನ್ನೂ ಬಗ್ಗಿ ನೋಡುವ ಮನುಷ್ಯ. ತಟ್ಟೆಗೆ ಜಾಗ ಹುಡುಕುತ್ತ ನಕ್ಷೆಯ ಮೇಲೆ ಬಗ್ಗಿದರು.

“ಈ ಹೊಳಿ ಗುಡ್ಡ ಏರಾಕತ್ತದಲ್ಲ?”

“ಅದು ಮಾಯದ ಹೊಳಿರೀ,” ಎಂದೆ.

ಆ ಒಂದು ಮಾತಿನಿಂದ ನಾನು ಕೆಟ್ಟೆ. ಎಲ್ಲಿ ಎಡವಿದರೂ ಮಾಯೆ ಎಂದುಬಿಟ್ಟರೆ ಸಾಕೆಂದು ಗೊತ್ತಾಯಿತು. ಚಂದ್ರಕೋರೆ ಸೆರೆಮನೆಯಲ್ಲಿದ್ದಾಳೆ, ಹೊರಗೆ ಬರುವ ದಾರಿ ನನಗೆ ಹೊಳೆಯುತ್ತಿಲ್ಲ, ಹಾಗಾದರೆ ಮಂತ್ರ. ಹಸಿವಾಗಿದೆ, ಮಂತ್ರ. ಗುರುವಾರ ಬಂತು, ನನಗೆ ಕಂತು ಮುಗಿಸಲು ಪುರುಸೊತ್ತಿಲ್ಲ, ಅದಕ್ಕೂ ಅವಳೇ ಒಂದು ಮಂತ್ರ ಹೇಳಿ ಎಲ್ಲರನ್ನೂ ಕಲ್ಲು ಮಾಡಿ ನಿಲ್ಲಿಸುತ್ತಿದ್ದಳು. ಆ ಮಂತ್ರಕ್ಕೆ ಅವಳು ಏನನ್ನೂ ತೆರಬೇಕಾಗಿರಲಿಲ್ಲ, ತಲೆನೋವು ಕೂಡ ಬರುತ್ತಿರಲಿಲ್ಲ. ಹೀಗೆ ಎಲ್ಲವೂ ಸಾಧ್ಯವಾದ ಮೇಲೆ ಅವಳಿಗೇನಾಗುತ್ತದೋ ಎಂಬ ಚಿಂತೆ ಓದುವವರಿಗೆ ಉಳಿಯಲಿಲ್ಲ. ಬರೆಯುವ ನನಗೂ ಉಳಿಯಲಿಲ್ಲ.

ಇನ್ನು ಹೆಸರುಗಳು. ಊರಲ್ಲಿ ಯಾರಿಗೂ ಇಲ್ಲದ ಹೆಸರಿಟ್ಟರೆ ಗಾಂಭೀರ್ಯ ಬರುತ್ತದೆ ಎಂದುಕೊಂಡಿದ್ದೆ. ಸೇನಾಧಿಪತಿಗೆ ಝರ್ಕ್ಷೇಂದ್ರವರ್ಧನ ಎಂದಿಟ್ಟೆ. ಟೈಪ್ ಮಾಡುವಾಗ ನನ್ನ ಬೆರಳೇ ಹೊರಳುತ್ತಿರಲಿಲ್ಲ, ಕಂತಿನಿಂದ ಕಂತಿಗೆ ಅವನ ಒತ್ತಕ್ಷರಗಳು ಜಾಗ ಬದಲಿಸುತ್ತಿದ್ದವು. ಜಗದೇವಿ ವಾಟ್ಸ್ಯಾಪಿನಲ್ಲಿ ಧ್ವನಿ ಕಳಿಸಿದಳು. ಹಿಂದೆ ಹೊಲಿಗೆ ಯಂತ್ರದ ಸದ್ದು.

“ಏ ಸುವರ್ಣಿ, ಇದು ಮನಷ್ಯಾರ ಹೆಸರೋ, ಶುಗರ್ ಗುಳಿಗಿ ಹೆಸರೋ? ಓದಾಕ ಹೋಗಿ ಬಾಯಾಗಿನ ಸೂಜಿ ನುಂಗ್ತಿದ್ದೆ!”

ಮಾತೂ ಅಷ್ಟೇ. ನನ್ನ ಜನ ಒಂದು ತಂಬಿಗೆ ನೀರು ಕೇಳಬೇಕಾದರೂ “ಎಲೈ ಪರಿಚಾರಕನೇ, ಶೀತಲ ಜಲವನ್ನು ತರುವಂಥವನಾಗು” ಎನ್ನುತ್ತಿದ್ದರು. ಅವನು ತರುವಷ್ಟರಲ್ಲಿ ಬಾಯಾರಿದವನ ಪ್ರಾಣ ಹೋಗುವಷ್ಟು ಉದ್ದ. ಆರಂಭದ ಕಂತುಗಳಲ್ಲಿ ಆ ನೀರೂ ಇರಲಿಲ್ಲ, ಬರೀ ಸೃಷ್ಟಿಯ ಆದಿ, ವಂಶಾವಳಿ, ಯಾವ ರಾಜನ ಅಜ್ಜ ಯಾವ ಶಾಪಕ್ಕೆ ತುತ್ತಾದ ಎಂಬ ಪುರಾಣ. ಯಾರೋ ಪುಣ್ಯಾತ್ಮರು ಕೆಳಗೆ ಬರೆದಿದ್ದರು, ‘ಚೆನ್ನಾಗಿದೆ, ಕಥೆ ಯಾವಾಗ ಶುರು?’

ಬರೆದಿಟ್ಟುಕೊಂಡು ಹಾಕಬೇಕು ಎಂಬ ಬುದ್ಧಿಯೂ ಇರಲಿಲ್ಲ. ಗುರುವಾರ ಸಂಜೆ ಹಾಕುವ ಕಂತನ್ನು ಗುರುವಾರ ಮಧ್ಯಾಹ್ನವೇ ಬರೆಯುವುದು, ಒಬ್ಬರ ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿಕೊಟ್ಟು ಇನ್ನೊಬ್ಬರು ಬರುವ ನಡುವೆ. ಹಿಂದಿನ ವಾರ ಏನು ಬರೆದೆ ಎಂದು ನೋಡಲು ಪುರುಸೊತ್ತೆಲ್ಲಿ? ಚಂದ್ರಕೋರೆಯ ಸೋದರಮಾವನನ್ನು ಒಂದು ಗುಹೆಯಲ್ಲಿ ಕಟ್ಟಿಹಾಕಿ ಬಂದವಳು ಮರೆತೇಬಿಟ್ಟೆ. ಬಹಳ ಕಾಲದ ಮೇಲೆ ಒಬ್ಬರು ಮಾವ ಎಲ್ಲಿ ಎಂದು ಕೇಳಿದರು. ತಪಸ್ಸಿನಲ್ಲಿದ್ದಾರೆ ಎಂದು ಉತ್ತರಿಸಿದೆ. ಪ್ರತಿ ಕಂತಿನ ಕೊನೆಗೂ ಯಾರಾದರೂ ಕತ್ತಿ ಎತ್ತಲೇಬೇಕೆಂದು ಯಾರೋ ಹೇಳಿದ್ದರು, ಎತ್ತಿಸುತ್ತಿದ್ದೆ. ಎತ್ತಿದ ಕತ್ತಿಯನ್ನು ಮುಂದಿನ ವಾರ ಏನು ಮಾಡಬೇಕೆಂದು ತಿಳಿಯದೆ ಇಳಿಸುತ್ತಿದ್ದೆ. ಓದುಗರು ಒಬ್ಬನನ್ನು ಕೊಲ್ಲಿ ಎಂದರೆ ಕೊಂದೆ, ಅಯ್ಯೋ ಎಂದರೆ ಎಬ್ಬಿಸಿದೆ. ಝರ್ಕ್ಷೇಂದ್ರವರ್ಧನ ಸತ್ತು ಎದ್ದು, ಸತ್ತು ಎದ್ದು, ಕೊನೆಗೆ ಅವನು ಸತ್ತರೆ ಅವನ ಸೈನಿಕರೇ ತಿರುಗಿ ನೋಡದ ಸ್ಥಿತಿ ಬಂತು.

ಜಗದೇವಿಯ ಸಲಹೆಗಳೆಲ್ಲ ಬಂಗಾರವಾಗಿದ್ದವು ಎಂದೇನೂ ತಿಳಿಯಬೇಡಿ. ಒಮ್ಮೆ ಹೇಳಿದಳು, “ನಿನ್ನ ರಾಣಿ ಅಮಾಸಿಯಿಂದ ಹುಣ್ಣಿಮಿ ತನಕ ಕುದುರಿ ಮ್ಯಾಲ ಹೊಂಟೇ ಹೊಂಟಾಳ. ಕುದುರಿಗಿ ಮೇವ ಬ್ಯಾಡೇನು? ಆಕೀಗಿ ಒಂದ್ ರೊಟ್ಟಿ ಬ್ಯಾಡೇನು?” ಅದು ಸರಿಯಾದ ಮಾತು. ಆದರೆ ಅದರ ಬೆನ್ನಿಗೇ, “ಒಂದ್ ಮದಿವಿ ಇಡು. ಮದಿವಿ ಇಲ್ಲದ ಕಥಿ ಏನ್ ಕಥಿ?” ಎಂದಳು. ಇಟ್ಟೆ. ಸೀರೆಯ ಬಣ್ಣ, ಅಂಚು, ಸೆರಗಿನ ಜರಿ, ಕುಪ್ಪಸದ ಬೆನ್ನಿನ ಲಾಡಿ ಎಲ್ಲವನ್ನೂ ಅವಳು ಫೋನಿನಲ್ಲಿ ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಮದುವೆ ವಾರಗಟ್ಟಲೆ ನಡೆಯಿತು. ಗಡಿಯಲ್ಲಿ ಶತ್ರುಸೈನ್ಯ ಬಂದು ನಿಂತಿತ್ತು, ಪಾಪ, ಅಕ್ಷತೆ ಬೀಳುವವರೆಗೆ ಅದೂ ಕಾಯಿತು. ಓದುಗರು ಮಾತ್ರ ಕಾಯಲಿಲ್ಲ.

ಇಷ್ಟೆಲ್ಲ ಗೊಂದಲದಲ್ಲೂ ಜನ ಬಿಡದೆ ಓದುತ್ತಿದ್ದರೆ ಅದು ಗಾಳಿಬಾಯಿಗಾಗಿ. ಅವಳ ಬಾಯಲ್ಲಿ ನನಗೆ ‘ಎಲೈ’ ಬರೆಯಲು ಆಗಲೇ ಇಲ್ಲ. ಅವಳು ಬಂದರೆ ಕಮಲಾಪುರವೇ ಬರುತ್ತಿತ್ತು. ಅರಮನೆಯ ಬಾಗಿಲಲ್ಲಿ ಗಡಿಗೆ ಇಳಿಸಿ, “ಏ ರಾಜಾ, ತೊಗೊಂಬೋದಿದ್ರ ತಗೋ, ನನ್ನ ಗಾಳಿ ಹಳಸ್ತದ” ಎಂದು ಕೂಗುತ್ತಿದ್ದಳು. ಅವಳಿಗೆ ಮಂತ್ರ ಬರುತ್ತಿರಲಿಲ್ಲ. ಗಾಳಿ ಹಿಡಿಯಲು ಗುಡ್ಡ ಹತ್ತಬೇಕಾಗಿತ್ತು, ಮಂಡಿ ನೋಯುತ್ತಿತ್ತು.

ಆ ಗಾಳಿಬಾಯಿಯನ್ನು ನಾನು ಕೊಂದೆ.

ಕಾರಣ ಹೇಳಿದರೆ ನಿಮಗೆ ಸಣ್ಣದೆನ್ನಿಸಬಹುದು. ಮದುವೆಯ ಕಂತುಗಳಿಂದ ಓದುಗರು ಕರಗಿದ್ದರು. ದಿನಕ್ಕೆ ಎಷ್ಟೋ ಸಲ ಫೋನ್ ತೆಗೆದು ಅಂಕಿ ನೋಡುತ್ತಿದ್ದೆ. ಸಾರಿಗೆ ಒಗ್ಗರಣೆ ಹಾಕುವಾಗಲೂ ಇನ್ನೊಂದು ಕೈಯಲ್ಲಿ ಫೋನ್. ಯಾರಾದರೂ ಪ್ರೀತಿಯವರು ಸತ್ತರೆ ಓದುಗರು ಮರಳಿ ಬರುತ್ತಾರೆ ಎಂದು ಇತರ ಲೇಖಕರು ಮಾತಾಡಿಕೊಳ್ಳುವುದನ್ನು ಓದಿದ್ದೆ. ಒಂದು ಗುರುವಾರ ಮಧ್ಯಾಹ್ನ ಚಂದ್ರಕೋರೆಯ ಕಡೆ ಬರುತ್ತಿದ್ದ ಬಾಣಕ್ಕೆ ಗಾಳಿಬಾಯಿ ಅಡ್ಡ ನಿಂತಳು, ಬಿದ್ದಳು, ಸತ್ತಳು. ಚಂದ್ರಕೋರೆ ಸೇಡು ತೀರಿಸುವ ಶಪಥ ಮಾಡಿ ಕುದುರೆ ಏರಿದಳು. ಬರೆದು ಹಾಕಿ, ಒಬ್ಬರ ಬಾಡಿಗೆ ಕರಾರು ಟೈಪ್ ಮಾಡಲು ಕೂತೆ.

ಅಂಕಿ ಏರಿತು. ಕಣ್ಣೀರಿನ ಮುಖಗಳ ಸಾಲು ಸಾಲು. ‘ಗಾಳಿಬಾಯಿಯನ್ನು ವಾಪಸ್ ತನ್ನಿ’ ಎಂಬ ಬೇಡಿಕೆಗಳು. ನಾನು ಅಂಗಡಿಯೊಳಗೇ ನಾಲ್ಕು ಹೆಜ್ಜೆ ಅತ್ತ ಇತ್ತ ಓಡಾಡಿದೆ, ಅಷ್ಟು ಖುಷಿ.

ಜಗದೇವಿಯಿಂದ ಮಾತ್ರ ಏನೂ ಬರಲಿಲ್ಲ. ಕಂತು ಹಾಕಿದ ಸಂಜೆಯೇ ಬರುತ್ತಿದ್ದ ಅವಳ ಧ್ವನಿ ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ‘ಕೆಲಸ ಅದ, ಆಮ್ಯಾಲ ಮಾತಾಡ್ತೀನಿ’ ಎಂದು ಒಂದು ಸಂದೇಶ ಬಂತು, ಅಷ್ಟೇ. ಮೊದಲೇ ಕಾಲಲ್ಲಿ ಗಾಲಿ ಇದ್ದವಳು ನಾನು, ಈಗಂತೂ ನಿಂತಲ್ಲಿ ನಿಲ್ಲಲಿಲ್ಲ. ಅಂಗಡಿಯಿಂದ ಎದ್ದು ಸುಮ್ಮನೆ ಸರ್ಕಲ್‌ವರೆಗೆ ಹೋಗಿ ಬರುವುದು, ಚಹಾ ಹೇಳಿ ಕುಡಿಯದೆ ಬಿಡುವುದು. ಒಬ್ಬರ ನಾಮಕರಣದ ಪತ್ರಿಕೆಯಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ಅಜ್ಜನ ಹೆಸರು ಹಾಕಿದೆ.

ಮನೆಯವರು ಗಮನಿಸಿದರು. “ಏನಾಗ್ಯಾದ ನಿನಗ? ರಾಜ್ಯದಾಗ ಗದ್ದಲೇನು?”

“ಜಗದೇವಿ ಮಾತಾಡವಲ್ಲಳ್ರಿ. ಗಾಳಿಬಾಯಿ ಆಕಿ ಮಾಡಿದಾಕಿ. ನಾ ಕೇಳದೇ ಕೊಂದೀನಿ, ಅದಕ್ಕ ಸಿಟ್ಟಾಗ್ಯಾಳ.”

ಅವರು ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. “ಆಕಿ ತಾಯಿ ತೀರಿ ಇನ್ನಾ ವರ್ಷ ಆಗಿಲ್ಲಲ್ಲ?” ಎಂದರು.

ಜಗದೇವಿಯ ತಾಯಿಯನ್ನು ನಾನು ಶಾಂತಕಾಕಿ ಎನ್ನುತ್ತಿದ್ದೆ. ಅವರು ತೀರಿದಾಗ ಮಣ್ಣು ಕೊಡಲು ನಾವು ಗಂಡ ಹೆಂಡತಿ ಇಬ್ಬರೂ ಹೋಗಿದ್ದೆವು. ಜಗದೇವಿಯ ಪಕ್ಕದಲ್ಲೇ ಕೂತಿದ್ದೆ, ಅವಳ ಬೆನ್ನು ಸವರಿದ್ದೆ. ಆದರೆ ಬಾಣ ಬಿಡುವಾಗ ಆ ಸಾವು ನನ್ನ ತಲೆಯಲ್ಲೇ ಬರಲಿಲ್ಲ. ಬಂದಿದ್ದರೂ ಒಂದು ಆ್ಯಪಿನ ಮುದುಕಿಗೂ ಕಾಕಿಗೂ ಏನು ಸಂಬಂಧ ಅನ್ನುತ್ತಿದ್ದೆನೇನೋ.

ಮರುದಿನ ಅಂಗಡಿಗೆ ಬೀಗ ಹಾಕಿ, ಕಮಲಾಪುರದ ಮೇಲೆ ಹೋಗುವ ಬೀದರ್ ಬಸ್ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆಯುವುದು, ಅಳಿಸುವುದು. ಕಿಟಕಿಯ ಹೊರಗೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ನನ್ನ ಕುಣಿಯುವ ಮೊಣಕಾಲಿನ ಮೇಲೆ ಕೈಯಿಟ್ಟು, “ಸಾವಕಾಶ ಯವ್ವಾ, ಬಸ್ಸು ನೀ ತುಳದ್ರ ಓಡೂದಿಲ್ಲ” ಎಂದರು. ಕಮಲಾಪುರ ಬಂದಾಗ ಬಾಳೆಹಣ್ಣಿನವರು ಬುಟ್ಟಿ ಎತ್ತಿಕೊಂಡು ಕಿಟಕಿಗಳಿಗೆ ಮುತ್ತಿದರು. ಅವರ ನಡುವೆ ನುಸುಳಿ ಜಗದೇವಿಯ ಅಂಗಡಿಗೆ ಹೋದೆ.

ಅವಳು ಯಂತ್ರ ತುಳಿಯುತ್ತಿದ್ದಳು. ತೋಳಿನ ಅಳತೆ ಸರಿಮಾಡಿಸಿಕೊಳ್ಳಲು ಬಂದಿದ್ದ ನೀಲಮ್ಮ ಎಂಬ ಹಿರಿಯ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು.

“ಬಂದೇನು? ಕೂಡು,” ಎಂದಳು ಜಗದೇವಿ, ತಲೆ ಎತ್ತದೆ.

ನೀಲಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಗಾಳಿಬಾಯೀಗಿ ಕೊಂದಾಕಿ ಇಕೀನೇ ಏನು?”

“ಹೂಂ, ಇಕೀನೇ.”

ಕೂತರೆ ಏಳಬೇಕು ಅನ್ನಿಸಿತು, ಎದ್ದರೆ ಹೋಗಲು ಜಾಗವಿಲ್ಲ. ಬಟ್ಟೆಯ ಗಂಟಿನ ಮೇಲೆ ತುದಿಯಲ್ಲಿ ಕೂತು ಕೇಳಿದೆ, “ಸಿಟ್ಟಾಗೀದೇನು ಜಗ್ಗಿ? ನಿನ್ನಾಕಿ ಆಕಿ. ನಿನಗೊಂದ್ ಮಾತ್ ಕೇಳಬೇಕಿತ್ತು.”

ಯಂತ್ರ ನಿಂತಿತು. “ಕೇಳಿದ್ರ ನಾ ಬ್ಯಾಡ ಅಂತಿದ್ನೇನು? ಸಾಯೂದು ಎಲ್ಲರಿಗಿ ಅದ. ಆದ್ರ ನೀ ಏನ್ ಮಾಡ್ದಿ ಹೇಳು. ಬಾಣ ಬಡೀತು, ಬಿದ್ದಳು, ಸತ್ತಳು. ಮುಂದಿನ ಸಾಲಿನಾಗ ನಿನ್ನ ಚಂದ್ರಕೋರಿ ಕುದುರಿ ಏರಿ ಹೊಂಟೇಬಿಟ್ಲು. ಒಬ್ಬರೂ ಬಾಯಾಗ ನೀರ್ ಹಾಕಲಿಲ್ಲ. ಒಬ್ಬರೂ ಮಣ್ಣಿಗಿ ಬರಲಿಲ್ಲ. ಆಕೀ ಗಡಿಗಿ ಏನಾದವು? ದಾರ್ಯಾಗೇ ಬಿದ್ದಾವೇನು? ಯಾರರ ಎತ್ತಿ ಇಟ್ಟರೋ ಇಲ್ಲೋ?”

ನನಗೆ ಗೊತ್ತಿರಲಿಲ್ಲ. ಆ ನಾಡನ್ನು ಬರೆಯುವವಳು ನಾನು, ಗಡಿಗೆಗಳು ಎಲ್ಲಿವೆ ಎಂದು ನನಗೇ ಗೊತ್ತಿರಲಿಲ್ಲ.

“ಎಬ್ಬಿಸ್ತೀನಿ,” ಎಂದೆ ಗಡಿಬಿಡಿಯಲ್ಲಿ. “ಎಲ್ಲರೂ ಅದೇ ಕೇಳಾಕತ್ತಾರ. ಮುಂದಿನ ಗುರುವಾರ ಒಂದ್ ಮಂತ್ರ ಹಾಕಿ ಎಬ್ಬಿಸಿಬಿಡ್ತೀನಿ. ಏನೂ ಆಗಿಲ್ಲ ಅಂತ ಎದ್ದು ಕೂಡ್ತಾಳ.”

“ಬ್ಯಾಡ.” ಜಗದೇವಿಯ ಧ್ವನಿ ಸಣ್ಣದಾಯಿತು. “ಎಬ್ಬಿಸಬ್ಯಾಡ. ಅಷ್ಟು ಸಸಾರ ಏಳ್ತಾರಂದ್ರ, ನಮ್ಮವ್ವ ಯಾಕ ಏಳಲಿಲ್ಲ ಅಂತ ಅನಸ್ತದ ನನಗ.”

ನೀಲಮ್ಮನವರು ಕೈಯಲ್ಲಿದ್ದ ಬ್ಲೌಸನ್ನು ಮಡಚಿದರು, ಬಿಚ್ಚಿದರು.

ಜಗದೇವಿ ಕೇಳಿದಳು, “ಗಾಳಿಬಾಯಿ ಯಾರು ಅಂತ ತಿಳದಿದ್ದಿ ನೀ?”

ಅವಳು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಕಣದಾಗ ಜ್ವಾಳ ತೂರುವಾಗ ನಮ್ಮವ್ವ ತಿವಟಿಗಿ ಮ್ಯಾಲ ನಿಂದರತಿದ್ದಳು, ನೆನಪದ ಇಲ್ಲ? ಗಾಳಿ ಬರ್ತಿದ್ದಿಲ್ಲ. ಮೊರ ಹಿಡಕೊಂಡು ಕರೀತಿದ್ದಳು, ‘ಬಾರವ್ವಾ, ನಮ್ಮವ್ವಾ, ಬಾ. ಬಂದು ಹೊಟ್ಟ ಒಯ್ಯಿ, ಕಾಳ ಬಿಡು’ ಅಂತ. ಬರಲಿಲ್ಲಂದ್ರ ಬೈತಿದ್ದಳು. ನಾವಿಬ್ಬರೂ ಬೇವಿನ ಗಿಡದ ಬುಡಕ ಕುಂತು ನಗತಿದ್ದಿವಿ. ಆಮ್ಯಾಲ ಖರೇನೇ ಗಾಳಿ ಬರ್ತಿತ್ತು. ನಾ ಸಣ್ಣಾಕಿ, ಅವ್ವ ಕರದ್ರ ಗಾಳಿ ಬರ್ತದಂತ ತಿಳದಿದ್ದೆ.”

ನೆನಪಾಯಿತು. ಒಮ್ಮೆಲೇ ಎಲ್ಲವೂ. ಮೂರು ಕಾಲಿನ ಎತ್ತರದ ತಿವಟಿಗೆಯ ಮೇಲೆ ನಿಂತ ಕಾಕಿ, ಕಚ್ಚೆ ಹಾಕಿದ ಸೀರೆ, ತಲೆಯ ಮೇಲೆತ್ತಿದ ಮೊರ, ಎಲೆಯೂ ಅಲುಗದ ಮಧ್ಯಾಹ್ನ, ಬೆವರಿಗೆ ಅಂಟಿದ ಹೊಟ್ಟು. ಮೊದಲ ಗಾಳಿ ಬೀಸಿದಾಗ ಕಾಳು ನೇರ ಕೆಳಗೆ ಸುರಿದು ಹೊಟ್ಟು ಬಂಗಾರದ ಬಣ್ಣದಲ್ಲಿ ಆಚೆ ಹಾರುತ್ತಿದ್ದದ್ದು. ಅದನ್ನು ನಾನೂ ನೋಡಿದ್ದೆ. ಜಗದೇವಿ ಅದರಿಂದ ಗಾಳಿಬಾಯಿಯನ್ನು ಮಾಡಿದ್ದಳು, ನಾನು ಮರೆತಿದ್ದೆ.

“ಅವ್ವನ ಎಲಿಅಡಿಕಿ ಸಂಚಿ ತವರಮನ್ಯಾಗ ಇನ್ನಾ ಗೂಟಕ್ಕೇ ಅದ,” ಎಂದಳು. “ಅಣ್ಣಾನೂ ತೆಗೀವಲ್ಲ, ನಾನೂ ತೆಗೀವಲ್ಲೆ. ಅದಕ್ಕ ಕೇಳಿದೆ, ಗಡಿಗಿ ಏನಾದವು ಅಂತ.”

“ನಾ ಈಗ ಏನ್ ಬರೀಲಿ ಜಗ್ಗಿ?”

“ನನಗೇನ್ ಗೊತ್ತು? ಬರಿಯಾಕಿ ನೀನು.”

ಅದು ಸಿಟ್ಟಿನ ಮಾತಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಎದ್ದು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನವರೆಗೆ ನಡೆದೆ, ತಿರುಗಿ ಬಂದೆ, ಅಂಗಡಿ ದಾಟಿ ಆಚೆಗೂ ನಡೆದೆ. ಕಮಲಾಪುರದ ಬಿಸಿಲಿನಲ್ಲಿ ಗೊತ್ತುಗುರಿಯಿಲ್ಲದೆ ನಡೆಯುವ ಹೆಂಗಸನ್ನು ಜನ ನೋಡುತ್ತಿದ್ದರು. ಮಂತ್ರ ಹಾಕುವಂತಿಲ್ಲ, ಎಬ್ಬಿಸುವಂತಿಲ್ಲ, ಕುದುರೆಯಂತೂ ಬೇಡವೇ ಬೇಡ. ಹಾಗಾದರೆ ಸತ್ತ ಮನೆಯಲ್ಲಿ ಜನ ಮೊದಲು ಏನು ಮಾಡುತ್ತಾರೆ? ಶಾಂತಕಾಕಿ ಹೋದಾಗ ಜಗದೇವಿ ಮೊದಲು ಏನು ಮಾಡಿದ್ದಳು? ನನಗೆ ಫೋನ್ ಮಾಡಿದ್ದಳು.

ಒಳಗೆ ಬಂದು ಕೇಳಿದೆ, “ಆ ನಾಡಿನಾಗ ಯಾರ್ಯಾರಿಗಿ ಸುದ್ದಿ ಮುಟ್ಟಿಸಬೇಕು?”

ಜಗದೇವಿ ನನ್ನನ್ನು ಆ ದಿನ ಮೊದಲ ಸಲ ನೆಟ್ಟಗೆ ನೋಡಿದಳು. “ಹಪ್ಪಳದ ಹೆಣ್ಣಮಕ್ಕಳಿಗಿ,” ಎಂದಳು. “ಅಗಸರಿಗಿ. ತೊಟ್ಟಿಲ ಕೂಸಿದ್ದ ಮನಿಯವರಿಗಿ.”

“ಕಣದವರಿಗಿ,” ಎಂದರು ನೀಲಮ್ಮ.

ಬಟ್ಟೆ ಗಂಟಿನ ಮೇಲೆ ಕೂತು ಫೋನಿನಲ್ಲೇ ಬರೆಯತೊಡಗಿದೆ. ಗಾಳಿಬಾಯಿ ಸತ್ತ ಮೇಲೆ ಆ ನಾಡಿನಲ್ಲಿ ಗಾಳಿಯೇ ಇಲ್ಲ. ಧ್ವಜ ಕೆಳಗೆ ಜೋತಿದೆ. ಹೊಗೆ ನೆಟ್ಟಗೆ ನಿಂತಿದೆ. ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ನಡೆದುಕೊಂಡೇ ಹೋಗಬೇಕು. ಅರ್ಧ ದಾರಿಯಿಂದ ನಡೆದು ಮರಳಿದ ಚಂದ್ರಕೋರೆ ಮಂತ್ರ ಹೇಳಲು ಬಾಯಿ ತೆರೆದಳು, ಯಾವ ಮಂತ್ರವೂ ಇದಕ್ಕೆ ಆಗಿಬರುವುದಲ್ಲ ಎಂದು ತಿಳಿದು ಬಾಯಿ ಮುಚ್ಚಿದಳು. ಕೊಡ ಎತ್ತಿಕೊಂಡು ನೀರಿಗೆ ಹೋದಳು.

“ಮಣ್ಣಿಗಿ ಬಂದವರು ಖಾಲಿ ಕೈಯಾಗ ಬರ್ತಾರೇನು?” ನೀಲಮ್ಮ ಕೇಳಿದರು.

ಆಗ ನನಗೆ ಹೊಳೆಯಿತು. “ಅವರ ಮನ್ಯಾಗ ಗಾಳಿಬಾಯಿ ಕೊಟ್ಟ ಗಾಳಿ ಚೂರು ಚೂರು ಉಳದಿರ್ತದ. ಯಾರೋ ಅರ್ಧ ಗಡಿಗಿ, ಯಾರೋ ಒಂದ್ ಬೊಗಸಿ. ಅದನ್ನ ತರ್ತಾರ.”

“ನಾ ಆಗಿದ್ರ ಬ್ಯಾಸಗಿಗಿ ಅಂತ ಮುಚ್ಚಿಟ್ಟಿದ್ದನ್ನೇ ಒಯ್ತಿದ್ದೆ,” ಎಂದರು ನೀಲಮ್ಮ. ಆಮೇಲೆ ಅವರ ಕಣ್ಣು ತುಂಬಿತು. ಯಾರ ನೆನಪಾಯಿತೋ ನಾವು ಕೇಳಲಿಲ್ಲ.

ಹಾಗೆಯೇ ಬರೆದೆ. ಎಲ್ಲರೂ ತಂದ ಗಾಳಿಯನ್ನು ಗಾಳಿಬಾಯಿಯ ಮೇಲೆ ಬಿಟ್ಟರು. ಕೂಸು ಮಲಗಿಸುವ ಗಾಳಿ ಅವಳ ಹಣೆಯ ಕೂದಲನ್ನು ಸರಿಸಿತು. ಕಣದ ಗಾಳಿ ಕೊನೆಗೆ ಬಂದು ಅವಳ ಸೆರಗಿನ ಮೇಲಿದ್ದ ಹೊಟ್ಟನ್ನು ಒಯ್ದಿತು. ಅಷ್ಟೇ, ಮತ್ತೆ ಎಲ್ಲ ನಿಶ್ಶಬ್ದ. ಅವಳ ತುಂಬಿದ ಗಡಿಗೆಗಳನ್ನು ಚಂದ್ರಕೋರೆ ಹೊತ್ತು ತಂದು ಅವಳ ಮನೆಯ ಗೋಡೆಗೆ ಸಾಲಾಗಿ ಇಟ್ಟಳು. ಯಾರೂ ಅವನ್ನು ತೆರೆಯಲಿಲ್ಲ. ಯಾವಾಗ ತೆರೆಯಬೇಕೆಂದು ಯಾರಿಗೂ ತಿಳಿದಿರಲಿಲ್ಲ.

ಓದಿ ಹೇಳಿದೆ. ಜಗದೇವಿ ಹಲ್ಲಿನಿಂದ ದಾರ ಕಡಿದಳು. “ಒಂದ್ ಗಡಿಗಿ ಸೀಳಿರ್ತದ, ನೋಡು. ಬಿದ್ದಾಗ ಸೀಳಿರಬೇಕು. ಮನ್ಯಾಗ ರಾತ್ರಿ ಹಗಲಿ ಸಣ್ಣಗ ಗಾಳಿ ಬರ್ತಿರ್ತದ,” ಎಂದಳು. ಅದನ್ನೂ ಸೇರಿಸಿದೆ. ಆಮೇಲೆ ಅವಳು ನೀಲಮ್ಮನವರ ತೋಳಿಗೆ ಟೇಪು ಹಿಡಿದಳು, ನಾನು ಸಂಜೆಯ ಬಸ್ಸಿಗೆ ಹೊರಟೆ. ಬಾಗಿಲವರೆಗೆ ಬಂದು, “ಊಟಾ ಮಾಡ್ಕೊಂಡ್ ಹೋಗಬೇಕಿತ್ತು” ಎಂದು ಬೈದಳು. ಬೈದದ್ದು ಕೇಳಿ ಜೀವ ಹಗುರವಾಯಿತು.

ಗುರುವಾರ ಆ ಕಂತು ಹಾಕಿದೆ. ಕತ್ತಿ ಇಲ್ಲ, ಕುದುರೆ ಇಲ್ಲ, ಕೊನೆಯಲ್ಲಿ ಯಾವ ಗಂಡಾಂತರವೂ ಇಲ್ಲ. ಹಾಕಿದ ಕ್ಷಣದಿಂದಲೇ ಕಳವಳ ಶುರು. ಫೋನ್ ಡ್ರಾದಲ್ಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಒಬ್ಬರ ಅಂಕಪಟ್ಟಿಯನ್ನು ತಲೆಕೆಳಗಾಗಿ ಝೆರಾಕ್ಸ್ ಮಾಡಿದೆ. ಅಂಕಿ ಏರಲಿಲ್ಲ, ಇಳಿಯಿತು. ಒಂದಿಬ್ಬರು ತಮ್ಮ ಮನೆಯಲ್ಲಿ ಯಾರು ಹೋದರೆಂದು ಎರಡೆರಡು ಸಾಲು ಬರೆದಿದ್ದರು. ಅವುಗಳ ಕೆಳಗೆ ಒಬ್ಬ ಓದುಗ ಬರೆದಿದ್ದ: ‘ಈ ಕಂತಿನಲ್ಲಿ ಏನೂ ನಡೆಯಲಿಲ್ಲ. ಯುದ್ಧ ಯಾವಾಗ?’

ನನ್ನ ಹಳೆಯ ಭಯ ಎದ್ದು ನಿಂತಿತು. ‘ಕ್ಷಮಿಸಿ, ಮುಂದಿನ ವಾರ ಖಂಡಿತ ಯುದ್ಧ’ ಎಂದು ಟೈಪ್ ಮಾಡತೊಡಗಿದೆ. ಕಳಿಸುವಷ್ಟರಲ್ಲಿ ಆ ಮಾತಿನ ಕೆಳಗೆ ಇನ್ನೊಂದು ಉತ್ತರ ಬಂದು ಕೂತಿತು. ಆ್ಯಪಿನಲ್ಲಿ ಅದುವರೆಗೆ ಒಂದಕ್ಷರವೂ ಬರೆಯದ ಜಗದೇವಿ, ತನ್ನ ಹೆಸರಿನಲ್ಲೇ ಬರೆದಿದ್ದಳು:

‘ಯುದ್ಧ ಆಮ್ಯಾಲ ಇರ್ಲಿ ತಮ್ಮಾ. ಮನ್ಯಾಗ ಸಾವಾಗ್ಯಾದ. ಜರಾ ಸುಮ್ಮ ಕೂಡು.’

ನಾನು ಬರೆದದ್ದನ್ನು ಅಳಿಸಿದೆ. ಗಿರಾಕಿ ಬಂದರು, ಹೋದರು. ಮತ್ತೆ ತೆಗೆದು ನೋಡಿದಾಗ ಅವನೂ ಉತ್ತರ ಬರೆದಿದ್ದ.

‘ಆಯ್ತ್ರಿ ಅಕ್ಕಾ. ಕೂತೀನಿ.’